ಆಯುಧಪೂಜೆಗೆ ಒಪ್ಪ ಮಾಡಿದ ಮೇಜು: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ, ಒಂದು ಕಾಲಕ್ಕೆ ಕಾರು ನಿಲ್ಲಿಸಲೆಂದು ತಂದೆಯವರು ಕಟ್ಟಿಸಿದ ಷೆಡ್ಡೊಂದಿದೆ. ಅದರ ಕಿಟಕಿಯ ಕೆಳಗೆ, ಊರಿನ ಹಳೆಯ ಮನೆಯ ಬಾಗಿಲ ಹಲಗೆಯನ್ನೇ ಮೇಲಿಟ್ಟು ಮಾಡಿಸಿದ 7 ಅಡಿ ಉದ್ದದ ಮೇಜಿದೆ. ಮೇಜಿನ ಎಡಗಡೆ ನನ್ನ ಅಣ್ಣ ಹಳೆಯ ವಾಲ್ವ್ ರೇಡಿಯೋಗಳನ್ನು, ಅಂದರೆ ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಕೊಳವೆಗಳಿಂದ ನಡೆಯುವವನ್ನು, ರಿಪೇರಿ ಮಾಡುತ್ತಾನೆ. ಬಲಗಡೆ ನಾನು, ಹೊಲಿಗೆ ಬಿಟ್ಟುಹೋದ ಪುಸ್ತಕಗಳನ್ನು ಬಿಚ್ಚಿ, ಮತ್ತೆ ಹೊಲಿದು, ರಟ್ಟು ಕಟ್ಟುತ್ತೇನೆ. ಅಣ್ಣ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ನಾನು ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದವರು. ಈ ಕೆಲಸಗಳಿಂದ ನಮಗೆ ಸಂಪಾದನೆಯಿಲ್ಲ. ದಿನದ ಬಹುಪಾಲು ಮಾತ್ರ ಅಲ್ಲೇ ಕಳೆಯುತ್ತದೆ. ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಈ ಮೇಜನ್ನು ನಾನು ಒಪ್ಪ ಮಾಡಿದೆ, ಅದರಿಂದಾಗಿ ಒಂದು ರೇಡಿಯೋ ಐದು ವಾರ ಮೂಕವಾಗಿ ಕೂತಿತು. ಮೇಜನ್ನು ಹರಡಿಕೊಂಡು ಕೂರುವುದಾಗಲಿ ಜೋಡಿಸಿಟ್ಟು ಏಳುವುದಾಗಲಿ ಅವರವರ ಸ್ವಭಾವಕ್ಕೆ ಸೇರಿದ್ದೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆ ತಿಳಿವಳಿಕೆ ಎಲ್ಲಿ ತಪ್ಪಿತು ಎಂಬುದನ್ನು ಈ ಒಂದು ಪ್ರಕರಣವನ್ನಿಟ್ಟುಕೊಂಡು ವಿವರವಾಗಿ ದಾಖಲಿಸುತ್ತಿದ್ದೇನೆ.

ಮನೆಯೊಳಗೆ ಕೂತು ರೇಡಿಯೋ ಕೆಲಸ ಮಾಡುವುದು ಈ ಊರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂದು ಹೆಸರಾದದ್ದು ಆ ಕೇಂದ್ರವೇ. ತಂದೆಯವರು ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳುತ್ತಿದ್ದರು. ಅಣ್ಣ ಹೈಸ್ಕೂಲಿನಲ್ಲಿದ್ದಾಗಲೇ ರೇಡಿಯೋ ಬಿಚ್ಚಲು ಕಲಿತದ್ದಕ್ಕೆ ಆ ಮಾತೂ ಒಂದು ಕಾರಣವೆಂದು ನನ್ನ ಎಣಿಕೆ.

ಒಂದೇ ಮೇಜಿನ ಮೇಲಿದ್ದರೂ ನಮ್ಮ ಎರಡು ಕೆಲಸಗಳಿಗೆ ಬೇಕಾದುದು ಬೇರೆ ಬೇರೆ. ಪುಸ್ತಕ ಕಟ್ಟುವವರಿಗೆ ಮೇಜು ಮೊದಲು ಶುಚಿಯಾಗಿರಬೇಕು. ಬೆಸುಗೆಯ ಪೇಸ್ಟು ಒಂದು ಚಿಟಿಕೆ ಹಲಗೆಗೆ ಅಂಟಿದ್ದರೂ ಅದರ ಮೇಲಿಟ್ಟ ಹಾಳೆಗೆ ಜಿಡ್ಡಿನ ಕಲೆ ಹತ್ತುತ್ತದೆ, ಆ ಕಲೆ ಹೋಗುವುದಿಲ್ಲ. ಮೈದಾ ಗೋಂದು ಒಣಗುವ ಮುನ್ನ ರಟ್ಟನ್ನು ಕೂರಿಸಿ ಒತ್ತಬೇಕು. ಆಗ ಕೈಗೆ ಸಿಗಬೇಕಾದ ಕುಂಚ, ಕತ್ತರಿ, ಮಡಿಕೆ ತೀಡುವ ಪಟ್ಟಿ ಮೂರೂ ಕಣ್ಣು ಮುಚ್ಚಿ ಕೈ ಚಾಚಿದರೂ ಸಿಗುವಂತಿರಬೇಕು. ಆದ್ದರಿಂದ ನನ್ನ ಕಡೆಯ ಮೇಜು ಸಂಜೆ ಏಳುವ ಹೊತ್ತಿಗೆ ಬರಿದಾಗಿರುತ್ತದೆ. ಅಣ್ಣನ ಕಡೆ ಹಾಗಲ್ಲ. ಅಲ್ಲಿ ಮಗುಚಿ ಹಾಕಿದ ಚಾಸಿ (ರೇಡಿಯೋದ ಭಾಗಗಳನ್ನು ಕೂರಿಸಿದ ತಗಡಿನ ಚೌಕಟ್ಟು), ಅದರ ಸುತ್ತ ಬಿಚ್ಚಿದ ಸ್ಕ್ರೂಗಳು, ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿಯೋ ಸುಮ್ಮನೆಯೋ ಮಲಗಿದ, ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳಾದ ಕಂಡೆನ್ಸರ್‌ಗಳು, ಎರಡು ಮೀಟರು, ಮೂರು ಸ್ಕ್ರೂಡ್ರೈವರು, ಲೆಡ್ಡಿನ ಸುರುಳಿ, ಒಂದು ಕಾಫಿ ಲೋಟ, ಹಿಂದೆ ಎಂದೋ ಮುಗಿದುಹೋದ ಇನ್ನೊಂದು ರೇಡಿಯೋದ ನಾಬುಗಳು. ಇವೆಲ್ಲ ನನ್ನ ಕಣ್ಣಿಗೆ ಒಂದೇ ರಾಶಿಯಾಗಿ ಕಾಣುತ್ತಿದ್ದವು. ಈ ಪ್ರಕರಣದ ತಪ್ಪು ಹುಟ್ಟಿದ್ದು ಅಲ್ಲಿಯೇ ಎಂದು ಈಗ ಹೇಳಬಲ್ಲೆ.

ಮೊಮ್ಮಗನ ನಾಮಕರಣಕ್ಕೆಂದು ಅಣ್ಣ ಅತ್ತಿಗೆ ಶಿವಮೊಗ್ಗಕ್ಕೆ ಹೋಗಿದ್ದರು. ಬರುವುದು ವಿಜಯದಶಮಿಯ ಮಾರನೆಯ ದಿನ. ಆಯುಧಪೂಜೆಯ ದಿನ ಷೆಡ್ಡಿನಲ್ಲಿ ಪೂಜೆ ಮಾಡುವುದು ತಂದೆಯವರ ಕಾಲದಿಂದ ನಡೆದುಬಂದದ್ದು. ಹತಾರಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಬೂದುಗುಂಬಳ ಒಡೆಯುತ್ತೇವೆ. ಆ ವರ್ಷ ಅದು ನನ್ನೊಬ್ಬಳ ಪಾಲಿಗೆ ಬಂತು. ಪೂಜೆಗೆ ಮುನ್ನ ಮೇಜು ಶುಚಿಯಾಗಬೇಕಲ್ಲವೇ ಎಂದು ಅಷ್ಟಮಿಯ ಮಧ್ಯಾಹ್ನ ಕೂತವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಸ್ಕ್ರೂಗಳನ್ನು ಉದ್ದದ ಪ್ರಕಾರ ವಿಂಗಡಿಸಿ ನಾಲ್ಕು ಬಾಟಲಿಗೆ ತುಂಬಿದೆ. ಮೈಕಾ ಕಂಡೆನ್ಸರ್‌ಗಳೆಲ್ಲ ಒಂದು ಡಬ್ಬಿಗೆ, ರೆಸಿಸ್ಟರ್‌ಗಳು ಇನ್ನೊಂದಕ್ಕೆ ಹೋದವು. ಮೇಣ ಕರಗಿ ಸೋರಿದ್ದ ಹಳೆಯ ಕಾಗದದ ಕಂಡೆನ್ಸರ್‌ಗಳು ನೋಡಿದರೇ ಕೆಟ್ಟವೆಂದು ತಿಳಿಯುವಂತಿದ್ದವು, ಅವನ್ನು ಕಸಕ್ಕೆ ಹಾಕಿದೆ. ಮುಚ್ಚಳ ತೆರೆದುಕೊಂಡು ಬಿದ್ದಿದ್ದ ಕಂಡೆನ್ಸರ್ ಅಳೆಯುವ ಕೆಪಾಸಿಟಿ ಮೀಟರಿನ ಮುಚ್ಚಳ ಹಾಕಿ ಡ್ರಾಯರಿನಲ್ಲಿಟ್ಟೆ. ಚಾಸಿಯೊಳಗೆ ಎರಡು ತಂತಿಗಳಿಗೆ ನನ್ನ ಹೊಲಿಗೆಯ ದಾರ ಸುತ್ತಿಕೊಂಡಿತ್ತು, ಒಂದು ಬಿಳಿ, ಒಂದು ಕೆಂಪು. ಗಾಳಿಗೆ ಹಾರಿಬಂದು ಸಿಕ್ಕಿಕೊಂಡಿರಬೇಕೆಂದು ಅವನ್ನೂ ಬಿಡಿಸಿ ತೆಗೆದೆ. ಮಾರನೆಯ ದಿನ ಹೂ ಕುಂಕುಮಗಳ ನಡುವೆ ಆ ಮೇಜು ಬಹಳ ಚೆನ್ನಾಗಿ ಕಾಣುತ್ತಿತ್ತು. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನಿಂದ ಉತ್ತರ ಬರಲಿಲ್ಲ.

ಊರಿಂದ ಬಂದ ಅಣ್ಣ ಕೈಕಾಲು ತೊಳೆಯುವ ಮೊದಲೇ ಷೆಡ್ಡಿಗೆ ಹೋದ. ನಾನೂ ಹಿಂದೆಯೇ ಹೋದೆ. ಮೇಜಿನ ಮುಂದೆ ನಿಂತು, ಎಡಗೈಯನ್ನು ಚಾಸಿಯ ಎಡಪಕ್ಕದ ಖಾಲಿ ಹಲಗೆಯ ಮೇಲೆ ಚಪ್ಪಟೆಯಾಗಿ ಇಟ್ಟು, “ಇಲ್ಲೊಂದು ಕಂಡೆನ್ಸರ್ ಇತ್ತಲ್ಲೇ, ಒಂದೇ ಒಂದು, ಅದೆಲ್ಲಿ?” ಎಂದು ಕೇಳಿದ.

“ಡಬ್ಬೀಲಿದೆ ಕಣೋ ಅಣ್ಣ, ಎಲ್ಲಾ ಒಂದೇ ಕಡೆ ಹಾಕಿದೀನಿ.”

“ಎಲ್ಲಾ ಒಂದೇ ಕಡೆ ಹಾಕಿದ್ಯಲ್ಲ, ಅದೇ ಕಣೇ ಆಗಿದ್ದು,” ಎಂದನೇ ಹೊರತು ಸಿಡುಕಲಿಲ್ಲ. ಡಬ್ಬಿಯಲ್ಲಿ ಹನ್ನೊಂದು ಮೈಕಾ ಕಂಡೆನ್ಸರ್‌ಗಳಿದ್ದವು.

ಕಳೆದುಹೋದದ್ದು ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಪ್ರಕರಣದ ತಿರುಳು ಅದರಲ್ಲಿದೆ. ಇಂಥ ರೇಡಿಯೋದಲ್ಲಿ ನಾವು ಮುಳ್ಳು ತಿರುಗಿಸಿದಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಒಂದು, ಬೇಕಾದ ಕೇಂದ್ರದ ಅಲೆಯನ್ನು ಆರಿಸಿಕೊಳ್ಳುವುದು, ಇನ್ನೊಂದು, ಅದಕ್ಕಿಂತ 455 ಕಿಲೋಹರ್ಟ್ಸ್ ಹೆಚ್ಚಿನ ಅಲೆಯೊಂದನ್ನು ರೇಡಿಯೋ ತಾನೇ ಒಳಗೆ ಹುಟ್ಟಿಸುವುದು. ಆಕಾಶವಾಣಿ ಬೆಂಗಳೂರು 612 ಕಿಲೋಹರ್ಟ್ಸ್‌ನಲ್ಲಿದೆ; ಅದು ಕೇಳಬೇಕಾದರೆ ಒಳಗೆ 1067 ಹುಟ್ಟಬೇಕು. ಮುಳ್ಳು ಡಯಲ್ಲಿನ ಈ ತುದಿಯಿಂದ ಆ ತುದಿಗೆ ಹೋಗುವಾಗ ಈ ಎರಡರ ನಡುವಿನ ಅಂತರ ಕೆಡದಂತೆ ನೋಡಿಕೊಳ್ಳಲು, ಕೆಳತುದಿಯ ಮಟ್ಟಿಗೆ, ಪ್ಯಾಡರ್ ಎಂಬ ಒಂದು ಕಂಡೆನ್ಸರ್ ಇರುತ್ತದೆ. ಅದರ ಅಳತೆ ಆಯಾ ರೇಡಿಯೋದ ಗ್ಯಾಂಗ್ (ಮುಳ್ಳಿನ ಜೊತೆ ತಿರುಗುವ ಕಂಡೆನ್ಸರ್) ಮತ್ತು ಕಾಯಿಲಿಗೆ (ತಂತಿಯ ಸುರುಳಿ) ತಕ್ಕಂತೆ ಇರುವುದರಿಂದ ಒಂದು ಸೆಟ್ಟಿನದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಅಣ್ಣ ಆ ಪ್ಯಾಡರನ್ನು ಅಳೆದು ನೋಡಲೆಂದು ಬಿಡಿಸಿದ್ದ. ಅದರ ಮೈಮೇಲಿನ ಗುರುತು ಅಳಿಸಿಹೋಗಿತ್ತು. ಅಳೆಯಹೊರಟಾಗ ಮೀಟರಿನ 9 ವೋಲ್ಟ್ ಬ್ಯಾಟರಿ ಸತ್ತಿತ್ತು. ಅಷ್ಟರಲ್ಲಿ ಊರಿಗೆ ಹೊರಡುವ ಹೊತ್ತಾದ್ದರಿಂದ, ಮೀಟರಿನ ಮುಚ್ಚಳ ತೆರೆದೇ ಇಟ್ಟು, ಪ್ಯಾಡರನ್ನು ಚಾಸಿಯ ಎಡಕ್ಕೆ, ಬೇರೆ ಯಾವುದೂ ಇಲ್ಲದ ಜಾಗದಲ್ಲಿಟ್ಟು ಹೋಗಿದ್ದ. ತೆರೆದ ಮುಚ್ಚಳವೆಂದರೆ ‘ಬ್ಯಾಟರಿ ತರಬೇಕು’ ಎಂದು. ಖಾಲಿ ಜಾಗದಲ್ಲಿ ಒಂಟಿಯಾಗಿದ್ದ ಕಂಡೆನ್ಸರೆಂದರೆ ‘ಇದು ಇನ್ನೂ ಅಳೆಯದೆ ಉಳಿದದ್ದು’ ಎಂದು. ಬಿಳಿ ದಾರ, ಕೆಂಪು ದಾರ ಎರಡನ್ನೂ ಅವನೇ ನನ್ನ ಉಂಡೆಯಿಂದ ಕತ್ತರಿಸಿ, ಮೀಡಿಯಂ ವೇವ್, ಷಾರ್ಟ್ ವೇವ್ ಬದಲಿಸುವ ಬ್ಯಾಂಡ್ ಸ್ವಿಚ್ಚಿನಿಂದ ಬಿಡಿಸಿದ ತಂತಿಗಳಿಗೆ ಗುರುತಾಗಿ ಕಟ್ಟಿದ್ದ. ಕಸಕ್ಕೆ ಹೋದ ಕಾಗದದ ಕಂಡೆನ್ಸರ್‌ಗಳು ಕೆಟ್ಟಿದ್ದವೆನ್ನುವುದು ನಿಜ. ಆದರೆ ಅವನ್ನು ಪತ್ರಿಕೆಯ ಮೇಲೆ ಇಟ್ಟದ್ದು ಚಾಸಿಯಲ್ಲಿ ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ. ಆ ಸೆಟ್ಟಿನ ಸರ್ಕ್ಯೂಟ್ ನಕ್ಷೆ ಅವನ ಬಳಿ ಇರಲಿಲ್ಲ. ನಕ್ಷೆಯಿದ್ದದ್ದು ಮೇಜಿನ ಮೇಲೆಯೇ.

ತಂತಿಗಳನ್ನು ಊಹೆಯ ಮೇಲೆ ಬೆಸೆದಾಗ ಅವು ಅದಲುಬದಲಾಗಿ, ಮೀಡಿಯಂ ವೇವ್ ಬರಬೇಕಾದ ಕಡೆ ಷಾರ್ಟ್ ವೇವ್ ಬಂತು. ಅದನ್ನು ತಿದ್ದುವುದು ಒಂದು ಸಂಜೆಯ ಕೆಲಸವಾಯಿತು. ಕಂಡೆನ್ಸರ್‌ಗಳ ಅಳತೆಯನ್ನು ಇಸಿಎಚ್‌81, ಇಎಲ್‌84 ಮೊದಲಾದ ವಾಲ್ವ್‌ಗಳ ಸುತ್ತ ಸಾಮಾನ್ಯವಾಗಿ ಎಷ್ಟಿರುತ್ತದೆಂಬ ಅನುಭವದ ಮೇಲೆ ಮತ್ತೆ ಲೆಕ್ಕ ಹಾಕಿಕೊಂಡ. ಪ್ಯಾಡರ್ ಮಾತ್ರ ಸತಾಯಿಸಿತು. ಹೊಸ ಬ್ಯಾಟರಿ ಹಾಕಿ ಹನ್ನೊಂದನ್ನೂ ಅಳೆದಾಗ, ಅದಾಗಿರಬಹುದಾದವು ನಾಲ್ಕು ಉಳಿದವು. ಒಂದೊಂದನ್ನೇ ಬೆಸೆದು, ರೇಡಿಯೋ ಬಿಸಿಯಾಗುವ ತನಕ ಕಾದು, ಮುಳ್ಳನ್ನು ಮೆಲ್ಲಗೆ ತಿರುಗಿಸಿ ಬೆಂಗಳೂರನ್ನು ಹುಡುಕಬೇಕು. ಮೊದಲನೆಯದರಲ್ಲಿ ಬೆಂಗಳೂರು 660ರ ಹತ್ತಿರ ಕ್ಷೀಣವಾಗಿ ಕೇಳಿತು. ಎರಡನೆಯದರಲ್ಲಿ 570ಕ್ಕೆ ಜಾರಿತು. ಅಣ್ಣನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನಾನು ನೋಡುತ್ತಿದ್ದೆ. ಮೂರನೆಯದನ್ನು ಬೆಸೆದಾಗ ಡಯಲ್ಲಿನ ಹಳದಿ ಬೆಳಕಿನಲ್ಲಿ ಮುಳ್ಳು 610 ದಾಟಿ ಒಂದು ಕೂದಲೆಳೆಯಷ್ಟು ಸರಿದು ನಿಂತ ಕಡೆ, ವಾರ್ತೆ ಓದುವವರ ದನಿ ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. ಅಣ್ಣ ಬೆಸುಗೆಯ ಕಡ್ಡಿ ಕೆಳಗಿಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಇಷ್ಟು ಹೇಳಿದ ಮೇಲೆ, ಹರಡಿದ ಮೇಜೇ ಸರಿ ಎಂದು ಬರೆದುಬಿಟ್ಟರೆ ಪ್ರಕರಣಕ್ಕೆ ನ್ಯಾಯ ಸಲ್ಲುವುದಿಲ್ಲ. ವಾಲ್ವ್ ರೇಡಿಯೋದೊಳಗೆ 250 ವೋಲ್ಟಿನ ಆಸುಪಾಸಿನ ಡಿಸಿ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರಬಹುದು. ಅದನ್ನು ಇಳಿಸಲು ಎರಡೂ ತುದಿಗೆ ಕ್ಲಿಪ್ಪು ಹಾಕಿದ 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರೊಂದನ್ನು ಅಣ್ಣ ಮಾಡಿಟ್ಟುಕೊಂಡಿದ್ದಾನೆ. ದಸರೆಗೆ ಕೆಲವು ತಿಂಗಳ ಹಿಂದೆ ಒಂದು ದಿನ ಅದು ರಾಶಿಯಲ್ಲಿ ಸಿಗಲಿಲ್ಲವೆಂದು, ಅವಸರದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನೇ ತಾಗಿಸಿದ. ಫಟ್ಟೆಂದು ಕಿಡಿ ಹಾರಿ ಆ ಉಕ್ಕಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಬಿತ್ತು. ಗುಳಿ ಇಂದಿಗೂ ಇದೆ. ಅದೇ ಮಳೆಗಾಲದಲ್ಲಿ ಇನ್ನೊಂದು ಸಲ, ಬಿಸಿಯಾಗಿದ್ದ 25 ವ್ಯಾಟಿನ ಸಾಲ್ಡರಿಂಗ್ ಐರನ್ ಪತ್ರಿಕೆಯ ಕೆಳಗೆ ಮರೆಯಾಗಿ, ಅದು ಅಲ್ಲಿದೆಯೆಂದು ನಮಗೆ ಗೊತ್ತಾದದ್ದು ಹೊಗೆಯ ವಾಸನೆಯಿಂದ. ನನ್ನ ಕಡೆ ಒಣಗಲಿಟ್ಟಿದ್ದ, ಮತ್ತೆ ಸಿಗಲಾರದ ಹಾಳೆಗಳಿಗೂ ಆ ಪತ್ರಿಕೆಗೂ ನಡುವೆ ಇದ್ದದ್ದು ಒಂದು ಮೊಳ. ನಾನು ಮೇಜು ಒಪ್ಪ ಮಾಡಿದ್ದು ಕೇವಲ ಪೂಜೆಗೆಂದಲ್ಲ; ಆ ವಾಸನೆ ನನ್ನ ಮೂಗಿನಿಂದ ಹೋಗಿರಲಿಲ್ಲ.

ಹಾಗಾದರೆ ಎಲ್ಲಿ ಗೆರೆ ಎಳೆಯಬೇಕು? ಇದರ ಉತ್ತರ ನನಗೆ ಹೊಳೆದದ್ದು ನನ್ನ ಹಳೆಯ ನೌಕರಿಯ ನೆನಪಿನಿಂದ. ಗ್ರಂಥಾಲಯದಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಕಪಾಟಿನಲ್ಲಿ ಒಂದೇ ಜಾಗ. ಹೀಗಿದ್ದರೂ ಓದುಗರ ಮೇಜಿನ ಮೇಲೆ ಏಳೆಂಟು ಪುಸ್ತಕಗಳು ತೆರೆದು ಬಿದ್ದಿದ್ದಾಗ, ಅವರು ಕಾಫಿಗೆಂದು ಎದ್ದು ಹೋದರೆಂದು ನಾವು ಅವನ್ನು ತೆಗೆಯುತ್ತಿರಲಿಲ್ಲ. ಯಾವ ಪುಟ ಯಾವುದರ ಪಕ್ಕದಲ್ಲಿದೆ ಎಂಬುದರಲ್ಲೇ ಅವರ ಆ ದಿನದ ಆಲೋಚನೆ ಇರುತ್ತದೆ. ಅವರು ಓದು ಮುಗಿಸಿದ ಮೇಲೆ ಅದೇ ಪುಸ್ತಕಗಳು ಒಂದು ಗಳಿಗೆಯೂ ಮೇಜಿನ ಮೇಲಿರಬಾರದು, ಏಕೆಂದರೆ ಇನ್ನೊಬ್ಬರು ಕಪಾಟಿನಲ್ಲಿ ಹುಡುಕುತ್ತಿರುತ್ತಾರೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುವುದು. ಜೋಡಣೆ ಇರುವುದು ಆ ಸಮಯಕ್ಕಾಗಿ. ಷೆಡ್ಡಿನಲ್ಲಿ ನಾನು ಮಾಡಿದ್ದು, ಓದುತ್ತಿದ್ದವರ ಮೇಜಿನಿಂದ ತೆರೆದ ಪುಸ್ತಕಗಳನ್ನು ಎತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟಂತೆ. ಆ ರಾಶಿಯಲ್ಲಿ ಎರಡು ಬಗೆಯ ವಸ್ತುಗಳಿದ್ದವು. ಪ್ಯಾಡರ್, ದಾರ, ತೆರೆದ ಮೀಟರು, ಸಾಲು ಕಂಡೆನ್ಸರ್‌ಗಳು ನಡೆಯುತ್ತಿರುವ ಕೆಲಸದವು. ಅವು ಇದ್ದ ಜಾಗದಲ್ಲೇ ಒಂದು ಅರ್ಥವಿತ್ತು. ಕಾಫಿ ಲೋಟ, ಹಿಂದಿನ ರೇಡಿಯೋದ ನಾಬು, ಕತ್ತರಿಸಿದ ತಂತಿಯ ಚೂರುಗಳು ಮುಗಿದ ಕೆಲಸದವು. ಅವು ಎಲ್ಲಿದ್ದರೂ ಹೇಳುವುದು ಏನೂ ಇರಲಿಲ್ಲ, ಆದರೆ ರೆಸಿಸ್ಟರಿನ ಕ್ಲಿಪ್ಪನ್ನೂ ಬಿಸಿ ಐರನ್ನನ್ನೂ ಮುಚ್ಚಿ ಕೂತದ್ದು ಅವೇ. ನಾನು ಎರಡನ್ನೂ ಒಂದೆಂದು ನೋಡಿದೆ. ಅಣ್ಣನೂ ಎರಡನ್ನೂ ಒಂದೆಂದೇ ನೋಡುತ್ತಿದ್ದ.

ಇದನ್ನು ನನಗಿಂತ ಚೆನ್ನಾಗಿ ಯೋಚಿಸಿದವರಿದ್ದಾರೆ. ಮನುಷ್ಯರು ಕೆಲಸ ಮಾಡುವಾಗ ವಸ್ತುಗಳನ್ನು ಇಡುವ ರೀತಿಯಿಂದಲೇ ತಮ್ಮ ಆಯ್ಕೆಯನ್ನು, ನೋಟವನ್ನು, ಮನಸ್ಸಿನೊಳಗಿನ ಲೆಕ್ಕವನ್ನು ಹಗುರ ಮಾಡಿಕೊಳ್ಳುತ್ತಾರೆಂದು ಕ್ಯಾಲಿಫೋರ್ನಿಯದ ಅರಿವಿನ ವಿಜ್ಞಾನಿ ಡೇವಿಡ್ ಕರ್ಷ್ 1995ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಅಣ್ಣನ ಖಾಲಿ ಜಾಗದ ಒಂಟಿ ಪ್ಯಾಡರ್ ಇದಕ್ಕೆ ನೇರ ಉದಾಹರಣೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಣ್ಣನ ಮಗ ತಂದೆಯ ಪರ ವಹಿಸಿ ಇನ್ನೊಂದು ವಾದ ಮುಂದಿಟ್ಟ: ಒಂದು ಪಟ್ಟಿಯಲ್ಲಿ ಈಗತಾನೇ ಬಳಸಿದ್ದನ್ನು ಪ್ರತಿಸಲವೂ ಮೊದಲಿಗೆ ತಂದಿಡುತ್ತ ಹೋದರೆ, ಮುಂದೆ ಏನೇನು ಬೇಕಾಗುತ್ತದೆಂದು ಪೂರ್ತಿ ತಿಳಿದು ಜೋಡಿಸುವವನಿಗೆ ತಗಲುವ ಶ್ರಮದ ಎರಡರಷ್ಟನ್ನು ಅದು ಮೀರುವುದಿಲ್ಲವೆಂದು ಕಂಪ್ಯೂಟರ್ ವಿಜ್ಞಾನಿಗಳಾದ ಸ್ಲೀಟರ್ ಮತ್ತು ಟಾರ್ಜನ್ 1985ರಲ್ಲಿ ಗಣಿತದಿಂದ ತೋರಿಸಿದ್ದಾರಂತೆ. ಅಪ್ಪನ ಮೂರು ಸ್ಕ್ರೂಡ್ರೈವರುಗಳು ಯಾವಾಗಲೂ ಕೈಯ ಹತ್ತಿರವೇ ಇರುವುದು ಅದರಿಂದಲೇ ಎಂದ. ಸ್ಕ್ರೂಡ್ರೈವರಿನ ಮಟ್ಟಿಗೆ ಒಪ್ಪಿದೆ. ಆದರೆ ಪಟ್ಟಿಯಲ್ಲಿ ಹಿಂದಿರುವುದನ್ನು ಒಂದೊಂದಾಗಿ ನೋಡುತ್ತ ಹೋದರೆ ಸಿಕ್ಕೇ ಸಿಗುತ್ತದೆ. ಮೇಜಿನ ಮೇಲೆ ಹಿಂದಿರುವುದು ಇನ್ನೊಂದರ ಅಡಿಯಲ್ಲಿ ಸೇರಿ ಕಣ್ಣಿಗೇ ಬೀಳುವುದಿಲ್ಲ. ಹರಡಿದ ಕೋಣೆಯಲ್ಲಿ ಕೂತವರಿಗೆ ಹೊಸ ಕಲ್ಪನೆಗಳು ಹೆಚ್ಚು ಹೊಳೆದವೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಅವನು ಕಳಿಸಿಕೊಟ್ಟ. ಅದು ಬೇರೆಯವರು ಹರಡಿಟ್ಟ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತವರ ಕುರಿತದ್ದು. ತಾನೇ ಹರಡಿಕೊಂಡು ವಾರಗಟ್ಟಲೆ ಮಾಡುವ ಕೆಲಸಕ್ಕೆ ಅದನ್ನು ಹೊಂದಿಸುವುದು ನನಗೆ ಸರಿಕಾಣಲಿಲ್ಲ.

ಪ್ರಬಂಧಗಳಿಗಿಂತ ಹೆಚ್ಚು ಉಪಕಾರವಾದದ್ದು ಮಂಡಿ ಮೊಹಲ್ಲಾದಲ್ಲಿ ಕಳೆದ ಒಂದು ಮಧ್ಯಾಹ್ನ. ರೇಡಿಯೋದ ಮರದ ಪೆಟ್ಟಿಗೆಯ ಮೂಲೆಯಲ್ಲಿ ಹೊದಿಕೆ ಎದ್ದಿತ್ತು. ಅದನ್ನು ಕೂರಿಸಿಕೊಡುವಂತೆ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಒಬ್ಬರ ಬಳಿ ಒಯ್ದೆವು. ಅವರ ಮುಂದೆ ಕಪ್ಪುಗೆಂಪು ಹಲಗೆ, ಅದರಲ್ಲಿ ಆನೆಯೊಂದರ ಆಕಾರಕ್ಕೆ ತೋಡಿದ ಗುಳಿ, ಸುತ್ತಲೂ ಹಲಸಿನ ಮರದ ಹಳದಿ ಚೂರುಗಳೂ ಬೇರೆ ಬೇರೆ ಮರಗಳ ಬಿಳಿ, ಕಂದು ಚೂರುಗಳೂ ಚೆಲ್ಲಿದಂತೆ ಬಿದ್ದಿದ್ದವು. ನಾನು ಕೂರಲು ಹೋಗಿ ಸೆರಗು ತಗಲೀತೆಂದು ಅವರು ತಟ್ಟನೆ ಕೈ ಅಡ್ಡ ಹಿಡಿದರು. “ಹುಷಾರಮ್ಮ, ಕಿವಿ ಅಲ್ಲಿದೆ,” ಎಂದರು. ನೋಡಿದರೆ ಉಗುರಿನಷ್ಟು ಚೂರೊಂದು, ಆನೆಯ ಕಿವಿ, ತಾನು ಕೂರಬೇಕಾದ ಗುಳಿಯ ಪಕ್ಕದಲ್ಲೇ ಇತ್ತು. ಅದೇ ಮನುಷ್ಯನ ಉಳಿಗಳು ಮಾತ್ರ ಬಲಗಡೆಯ ಮರದ ತುಂಡಿನ ತೂತುಗಳಲ್ಲಿ, ಸಣ್ಣದರಿಂದ ದೊಡ್ಡದಕ್ಕೆ, ನೆಟ್ಟಗೆ ನಿಂತಿದ್ದವು. ಬಳಸಿದ್ದು ಮರುಗಳಿಗೆಯೇ ತನ್ನ ತೂತಿಗೆ ಹೋಗುತ್ತಿತ್ತು. ಅಣ್ಣ ಬಹಳ ಹೊತ್ತು ಆ ಮರದ ತುಂಡನ್ನೇ ನೋಡಿದ. ನಾನು ಆ ಕಿವಿಯನ್ನು ನೋಡುತ್ತಿದ್ದೆ.

ಮನೆಗೆ ಬಂದ ಮೇಲೆ ಮಾಡಿಕೊಂಡ ಏರ್ಪಾಡು ದೊಡ್ಡದೇನಲ್ಲ. ಎರಡಡಿಗೆ ಒಂದೂವರೆ ಅಡಿಯ ಪ್ಲೈವುಡ್ ಹಲಗೆಗಳು ಮೂರನ್ನು ಕೊಯ್ಯಿಸಿ, ಅಂಚಿಗೆ ಅರ್ಧ ಇಂಚಿನ ಪಟ್ಟಿ ಹೊಡೆಸಿದೆವು. ಒಂದು ರೇಡಿಯೋ ಬಿಚ್ಚಿದರೆ ಅದರದೆಲ್ಲವೂ ಒಂದೇ ಹಲಗೆಯ ಮೇಲೆ ಹರಡಬೇಕು, ಹಲಗೆಯ ಆಚೆಗಲ್ಲ. ಕೆಲಸ ನಿಲ್ಲಿಸಬೇಕಾಗಿ ಬಂದರೆ ಹಲಗೆಯನ್ನು ಹಾಗೆಯೇ ಎತ್ತಿ ಗೂಡಿನಲ್ಲಿಟ್ಟು, ಮೇಲೊಂದು ಪಂಚೆಯ ತುಂಡು ಹೊದಿಸುವುದು. ಹಲಗೆಯ ಮೇಲಿನದನ್ನು ಅಣ್ಣನ ಹೊರತು ಯಾರೂ ಮುಟ್ಟಬಾರದು. ಸಾಲ್ಡರಿಂಗ್ ಐರನ್ನಿನ ಸ್ಟ್ಯಾಂಡನ್ನು ಮೇಜಿನ ಎಡತುದಿಗೆ ಸ್ಕ್ರೂ ಹಾಕಿ ಬಿಗಿದೆವು. ಕ್ಲಿಪ್ಪಿನ ರೆಸಿಸ್ಟರಿಗೆ ಗೋಡೆಯಲ್ಲಿ ಒಂದು ಮೊಳೆ, ಅದರ ಸುತ್ತ ಕೆಂಪು ಬಣ್ಣದ ಸುತ್ತು. ಸುತ್ತು ಖಾಲಿಯಾಗಿ ಕಂಡರೆ ಚಾಸಿಗೆ ಕೈ ಹಾಕುವಂತಿಲ್ಲ. ರೇಡಿಯೋ ಮುಗಿದು ಪೆಟ್ಟಿಗೆಗೆ ಸೇರಿದ ದಿನವೇ ಹಲಗೆ ಬರಿದಾಗಬೇಕು. ಈ ಕಡೆಯ ಮಾತನ್ನು ಅಣ್ಣ ಒಪ್ಪಿದ್ದಾನಾದರೂ ಪಾಲಿಸುವುದು ಅಪರೂಪ. ಮುಗಿದ ರೇಡಿಯೋದ ಚೂರುಗಳ ಮೇಲೆಯೇ ಹೊಸದು ಬಂದು ಕೂರುವುದು ಈಗಲೂ ಉಂಟು. ಮೂರು ಹಲಗೆಗಳಿರುವುದರಿಂದ ಮೂರು ಸೆಟ್ಟುಗಳು ಅರ್ಧಕ್ಕೆ ನಿಲ್ಲುವುದು ಸುಲಭವಾಗಿದೆ, ಇದು ನಾವು ಎಣಿಸದೆ ಬಂದ ತೊಂದರೆ. ಧೂಳಿಗೆ ಪಂಚೆ ಸಾಲದು. ಬೇಸಿಗೆಯಲ್ಲಿ ಬ್ಯಾಂಡ್ ಸ್ವಿಚ್ಚಿನೊಳಗೂ ಧೂಳು ಸೇರಿತ್ತು.

ನನ್ನ ಕಡೆಯೂ ಒಂದು ಬದಲಾವಣೆಯಾಯಿತು. ಹೊಲಿಗೆ ಬಿಚ್ಚಿದ ಪುಸ್ತಕದ ಫಾರಂಗಳನ್ನು, ಅಂದರೆ ಒಟ್ಟಿಗೆ ಮಡಿಸಿ ಹೊಲಿಯುವ ಹಾಳೆಗಳ ಕಟ್ಟುಗಳನ್ನು, ನಾನು ಕ್ರಮವಾಗಿ ಪೇರಿಸಿ ಮೇಲೊಂದು ಇಟ್ಟಿಗೆ ಇಡುತ್ತೇನೆ. ಅದು ನೋಡಲು ಒಪ್ಪವಾಗಿರುವುದರಿಂದ ಅದೂ ಅರ್ಧ ಕೆಲಸದ ಗುರುತೆಂದು ನನಗೇ ಅನ್ನಿಸಿರಲಿಲ್ಲ. ಅಣ್ಣ ಒಂದು ದಿನ ಜಾಗ ಬೇಕೆಂದು ಅಂಥ ಎರಡು ಪೇರಿಕೆಗಳನ್ನು ಒಂದರ ಮೇಲೊಂದಿಡಲು ಹೋಗಿ, ಕೈ ತಡೆದು, “ಇದನ್ನ ಮುಟ್ಬಹುದೇನೇ?” ಎಂದು ಕೇಳಿದ. ಹಾಗೆ ಇಟ್ಟುಬಿಟ್ಟಿದ್ದರೆ, ಮೇಲಿನ ಪೇರಿಕೆಯ ಕಡೆಯ ಫಾರಂ ಯಾವುದು, ಕೆಳಗಿನದರ ಮೊದಲ ಫಾರಂ ಯಾವುದು ಎಂದು ಪುಟಸಂಖ್ಯೆ ಹರಿದುಹೋದ ಹಾಳೆಗಳಲ್ಲಿ ಮತ್ತೆ ಹೇಳಲಾಗುತ್ತಿರಲಿಲ್ಲ. ಅಂದಿನಿಂದ ನನ್ನ ಪೇರಿಕೆಗಳಿಗೂ ಒಂದು ಹಲಗೆ ಬಂದಿದೆ.

ಈ ವರ್ಷದ ಆಯುಧಪೂಜೆಗೆ ಅಣ್ಣ ಅತ್ತಿಗೆ ಇಬ್ಬರೂ ಮನೆಯಲ್ಲಿದ್ದರು. ಅಷ್ಟಮಿಯ ದಿನ ಅಣ್ಣನೇ ಕೂತು ಮುಗಿದ ಕೆಲಸಗಳ ಚೂರುಪಾರನ್ನೆಲ್ಲ ಆರಿಸಿ, ನಾನು ಕಳೆದ ವರ್ಷ ಇಟ್ಟಿದ್ದ ಅದೇ ನಾಲ್ಕು ಬಾಟಲಿಗಳಿಗೆ ಹಾಕಿದ. ಇಕ್ಕಳ, ಸ್ಕ್ರೂಡ್ರೈವರು, ನನ್ನ ಕತ್ತರಿ, ಸೂಜಿಗಳನ್ನು ಒರೆಸಿ ಸಾಲಾಗಿಟ್ಟೆವು. ನವಮಿಯ ಬೆಳಿಗ್ಗೆ ಅತ್ತಿಗೆ ತಟ್ಟೆಯಲ್ಲಿ ಹೂ ಕುಂಕುಮ ಹಿಡಿದು ಒಂದೊಂದಕ್ಕೇ ಇಡುತ್ತ ಬಂದರು. ಅರ್ಧಕ್ಕೆ ನಿಂತ ರೇಡಿಯೋದ ಹಲಗೆಯ ಮುಂದೆ ಬಂದಾಗ ಪಂಚೆಯ ತುಂಡನ್ನು ಸರಿಸಿ, ಎಲ್ಲಿಡಲಿ ಎಂಬಂತೆ ಅಣ್ಣನ ಮುಖ ನೋಡಿದರು. ಅವನು ಬೆರಳಿನಿಂದ ಹಲಗೆಯ ಅಂಚಿನ ಪಟ್ಟಿಯನ್ನು ತೋರಿಸಿದ. ಅತ್ತಿಗೆ ಅಲ್ಲಿಗೆ ಕುಂಕುಮ ಹಚ್ಚಿ, ಒಂದು ಸೇವಂತಿಗೆಯನ್ನು ಪಟ್ಟಿಗೊರಗಿಸಿ, ಒಳಗಿನ ಯಾವುದಕ್ಕೂ ಕೈ ತಾಗದಂತೆ ಪಂಚೆಯನ್ನು ಮತ್ತೆ ಹೊದಿಸಿದರು.